ಹಾಡು ಯಾರದು, ಉಸಿರು ಯಾರದು?

1

ದಲಿತ ವಿಮರ್ಶೆಗೆ ಮೀಸಲಾದ ಸಂಚಿಕೆಯಲ್ಲಿ ಅಮೆರಿಕದ ಒಂದು ಪ್ರೇಮಗೀತೆಯ ಬಗ್ಗೆ, ಅದನ್ನು ಸ್ಯಾಕ್ಸೊಫೋನಿನಲ್ಲಿ ಊದಿದ ನಾಲ್ಕಾರು ಜನರ ಬಗ್ಗೆ ಬರೆಯುವುದೇಕೆ? ಗೆಳೆಯರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ, ಕೇಳಲಿ. ನಮ್ಮ ಕೇರಿಗಳಲ್ಲಿ ತಮಟೆ ಇದೆ, ಅರೆ ಇದೆ, ತಂಬೂರಿ ಇದೆ. ಅದನ್ನೆಲ್ಲ ಬಿಟ್ಟು ಸಮುದ್ರದಾಚೆಯ ಹಿತ್ತಾಳೆ ಕೊಳವೆಯ ಹಿಂದೆ ಹೋಗುವುದು ಶೋಕಿ ಅಂತ ಅನ್ನಿಸಿದರೂ ತಪ್ಪಿಲ್ಲ.

ನನ್ನ ಉತ್ತರ ಇಷ್ಟೇ. ನಮ್ಮಲ್ಲಿ ವಿಮರ್ಶೆ ಎಂದರೆ ಕೃತಿ ಒಬ್ಬರದು, ತೀರ್ಪು ಇನ್ನೊಬ್ಬರದು. ದಲಿತರು ಬರೆಯಬೇಕು, ಬೇರೆಯವರು ಅದಕ್ಕೆ ಅಂಕ ಹಾಕಬೇಕು. "ಅನುಭವ ದಟ್ಟವಾಗಿದೆ, ಆದರೆ ಕಲೆಯಾಗಿಲ್ಲ" ಎಂಬ ತೀರ್ಪನ್ನು ಕೇಳದ ದಲಿತ ಲೇಖಕ ಕನ್ನಡದಲ್ಲಿ ಇದ್ದಾನೆಯೇ? ಇದಕ್ಕೆ ವಿರುದ್ಧವಾಗಿ, ದಲಿತನೊಬ್ಬ ಇದ್ದ ಸಾಹಿತ್ಯದ ಬಗ್ಗೆ ತೀರ್ಪು ಕೊಟ್ಟಾಗ ಏನಾಯಿತು ಎಂಬುದೂ ನಮಗೆ ಗೊತ್ತು. 1973ರಲ್ಲಿ ಬಿ. ಬಸವಲಿಂಗಪ್ಪನವರು ಬಾಯಿಂದ ಜಾರಿಸಿದ ಒಂದು ಪದ, 'ಬೂಸಾ', ಅವರ ಮಂತ್ರಿಗಿರಿಯನ್ನೇ ತಿಂದಿತು. ಅಂದರೆ ನಮ್ಮ ಕೃತಿಗೆ ಜಾಗ ಮಾಡಿಕೊಡಬಹುದು, ನಮ್ಮ ತೀರ್ಪಿಗೆ ಮಾತ್ರ ಜಾಗವಿಲ್ಲ.

ಇಂಥದೇ ಇಕ್ಕಟ್ಟಿನಲ್ಲಿದ್ದ ಅಮೆರಿಕದ ಕಪ್ಪು ಸಂಗೀತಗಾರರು ತೀರ್ಪು ಕೊಡುವ ಕೆಲಸವನ್ನು ವಾದ್ಯದೊಳಗೇ ಮಾಡಿ ಮುಗಿಸಿದರು. ಒಂದೇ ಹಾಡು, 'ಬಾಡಿ ಅಂಡ್ ಸೋಲ್'. ಅದನ್ನು ಒಬ್ಬರಾದ ಮೇಲೊಬ್ಬರು ಊದಿದರು. ಒಬ್ಬನ ಧ್ವನಿಮುದ್ರಣ ಇನ್ನೊಬ್ಬನ ಧ್ವನಿಮುದ್ರಣಕ್ಕೆ ಉತ್ತರವಾಯಿತು. ಇದನ್ನು ನಾನು ವಿಮರ್ಶೆಯ ಚರಿತ್ರೆ ಎಂದೇ ಓದುತ್ತೇನೆ. ನನಗೆ ಪ್ರಿಯವಾದ ಈ ರೆಕಾರ್ಡುಗಳನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಹೇಳುವುದು ಈ ಬರಹದ ಉದ್ದೇಶ.

2

ಮೊದಲು ವಾದ್ಯದ ಮಾತು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ ಈ ವಾದ್ಯಕ್ಕೆ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ. ಮೈ ಹಿತ್ತಾಳೆಯದು, ಬಾಯಿ ಸೀಳು ಬಿದಿರಿನಂಥ ಹುಲ್ಲುಕಡ್ಡಿಯದು. ಲೋಹದ್ದಾದರೂ ಅದನ್ನು ಮರದ ವಾದ್ಯಗಳ ಸಾಲಿಗೇ ಸೇರಿಸುತ್ತಾರೆ. ಹೀಗೆ ಹುಟ್ಟಿನಲ್ಲೇ ಕುಲ ಕೆಟ್ಟ ವಾದ್ಯ ಇದು. ಯೂರೋಪಿನ ಶ್ರೇಷ್ಠ ವಾದ್ಯವೃಂದಗಳು ಇದನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳಲಿಲ್ಲ. ಎಲ್ಲೋ ಅಪರೂಪಕ್ಕೆ ಕರೆದು ಊದಿಸಿ ಕಳಿಸಿದವು. ಇದು ಬದುಕಿದ್ದು ಫ್ರೆಂಚ್ ಸೈನ್ಯದ ಬ್ಯಾಂಡುಗಳಲ್ಲಿ. ಅಮೆರಿಕಕ್ಕೆ ಬಂದಮೇಲೆ ನಗೆನಾಟಕದ ರಂಗಗಳಲ್ಲಿ ಕೋಳಿ ಕೂಗಿದಂತೆ, ಕತ್ತೆ ಅರಚಿದಂತೆ ಊದಿ ಜನರನ್ನು ನಗಿಸುವ ವಾದ್ಯವಾಯಿತು.

ಇದರಿಂದ ಒಂದು ಉಪಕಾರವೂ ಆಯಿತು. ಪಿಯಾನೊಗೆ, ಪಿಟೀಲಿಗೆ ಹೀಗೇ ನುಡಿಸಬೇಕೆಂಬ ಇನ್ನೂರು ಮುನ್ನೂರು ವರ್ಷಗಳ ಶಾಸ್ತ್ರವಿತ್ತು, ಗುರುಗಳಿದ್ದರು, ಮಡಿ ಇತ್ತು. ಸ್ಯಾಕ್ಸೊಫೋನಿಗೆ ಅದ್ಯಾವುದೂ ಇರಲಿಲ್ಲ. ಇದರ ದನಿ ಹೇಗಿರಬೇಕು ಎಂಬುದನ್ನು ಯಾರೋ ಮೊದಲಿಂದ ತೀರ್ಮಾನಿಸಬೇಕಿತ್ತು. ತೀರ್ಮಾನಿಸಿದವರಲ್ಲಿ ಮೊದಲ ಸಾಲಿನವರು ಗುಲಾಮರ ಮೊಮ್ಮಕ್ಕಳು.

ಇನ್ನು ಹಾಡು. 1930ರಲ್ಲಿ ಜಾನಿ ಗ್ರೀನ್ ಇದಕ್ಕೆ ಸ್ವರ ಹಾಕಿದ. ಮಾತು ಬರೆದವರು ಎಡ್ವರ್ಡ್ ಹೇಮನ್, ರಾಬರ್ಟ್ ಸೋರ್ ಮತ್ತು ಫ್ರ್ಯಾಂಕ್ ಐಟನ್. ಗರ್ಟ್ರೂಡ್ ಲಾರೆನ್ಸ್ ಎಂಬ ಇಂಗ್ಲಿಷ್ ನಟಿಗಾಗಿ ಬರೆದದ್ದು. ಅದೇ ವರ್ಷ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ ಲಿಬ್ಬಿ ಹೋಲ್ಮನ್ ಹಾಡಿದಳು. ಗ್ರೀನ್ ಹಾರ್ವರ್ಡಿನಲ್ಲಿ ಓದಿದ ಯಹೂದಿ ಯುವಕ. ಆದ್ದರಿಂದ ಇದನ್ನು 'ಬಿಳಿಯರ ಹಾಡು' ಎಂದು ಒಂದೇ ಏಟಿಗೆ ಹೇಳಿ ಮುಗಿಸುವಂತಿಲ್ಲ. ಯಹೂದಿಗಳಿಗೂ ಆ ದೇಶದಲ್ಲಿ ಮುಚ್ಚಿದ ಬಾಗಿಲುಗಳಿದ್ದವು. ಆದರೆ ಹಾಡು ಹುಟ್ಟಿದ ರಂಗಮಂದಿರ, ಹಾಡನ್ನು ಅಚ್ಚು ಹಾಕಿದ ಪ್ರಕಾಶನ, ಅದರ ಹಣ ಹರಿಯುವ ಕಾಲುವೆ, ಇವು ಕಪ್ಪು ಜನರ ಕೈಯಲ್ಲಿ ಇರಲಿಲ್ಲ ಎಂಬುದಂತೂ ನಿಜ.

ಹಾಡಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬಾರ್ ಎಂದು ಅವರು ಕರೆಯುವ 32 ಅಳತೆಗಳ ಹಾಡು. ಎಂಟೆಂಟರ ನಾಲ್ಕು ಭಾಗ. ಒಂದನೆಯದು, ಎರಡನೆಯದು, ನಾಲ್ಕನೆಯದು ಒಂದೇ ವರಸೆ; ಮೂರನೆಯದು ಬೇರೆ. ಈ ಮೂರನೆಯ ಭಾಗಕ್ಕೆ 'ಸೇತುವೆ' ಎನ್ನುತ್ತಾರೆ. ಇಲ್ಲಿ ಷಡ್ಜವೇ ಅರ್ಧ ಸ್ವರ ಮೇಲಕ್ಕೆ ಜರುಗಿಬಿಡುತ್ತದೆ, ಮತ್ತೆ ಕೆಳಕ್ಕೆ ಇಳಿಯುತ್ತದೆ. ಶ್ರುತಿಪೆಟ್ಟಿಗೆಯನ್ನು ನಂಬಿ ಹಾಡುವ ನಮಗೆ ಇದು ಕಾಲಡಿಯ ನೆಲ ಸರಿದಂತೆ. ರಾಗ ಮೇಲೆ ಹರಿಯುತ್ತಿದ್ದರೆ ಕೆಳಗೆ ಸ್ವರಗುಚ್ಛಗಳ ಸಾಲು ಬದಲಾಗುತ್ತಾ ಹೋಗುತ್ತದೆ. ರಾಗವನ್ನು ಮನೆಯ ಗೋಡೆ ಎಂದುಕೊಂಡರೆ ಈ ಸ್ವರಗುಚ್ಛಗಳ ಸಾಲೇ ತಳಪಾಯ. ಮುಂದಿನ ಕಥೆಯೆಲ್ಲ ಈ ಗೋಡೆ ಮತ್ತು ತಳಪಾಯಗಳದ್ದು.

1935ರಲ್ಲಿ ಬೆನ್ನಿ ಗುಡ್‌ಮನ್ ಎಂಬ ಬಿಳಿಯ ಕ್ಲಾರಿನೆಟ್ ವಾದಕ, ಟೆಡ್ಡಿ ವಿಲ್ಸನ್ ಎಂಬ ಕಪ್ಪು ಪಿಯಾನೊ ವಾದಕನನ್ನು ಸೇರಿಸಿಕೊಂಡು ಮೂವರ ತಂಡ ಕಟ್ಟಿ ಈ ಹಾಡನ್ನು ಧ್ವನಿಮುದ್ರಿಸಿದ. ಸ್ಟುಡಿಯೋದಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಎಂಬುದು ಕೇಳುವವರಿಗೆ ಕಾಣುವುದಿಲ್ಲವಲ್ಲ. ಅದೇ ತಂಡ ಜನರೆದುರು ಕೂತು ನುಡಿಸಲು 1936ರವರೆಗೆ ಕಾಯಬೇಕಾಯಿತು. ಒಳಗೆ ಸಹಭೋಜನ, ಹೊರಗೆ ಪಂಕ್ತಿಭೇದ! ಇದು ನಮಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

3

ಕೋಲ್ಮನ್ ಹಾಕಿನ್ಸ್ ಹುಟ್ಟಿದ್ದು 1904ರಲ್ಲಿ, ಮಿಸ್ಸೌರಿ ರಾಜ್ಯದ ಸೇಂಟ್ ಜೋಸೆಫ್ ಊರಿನಲ್ಲಿ. ಹರೆಯದಲ್ಲಿ ಮೇಮಿ ಸ್ಮಿತ್ ಎಂಬ ಬ್ಲೂಸ್ ಗಾಯಕಿಯ ಜೊತೆ ಊರೂರು ತಿರುಗಿದ. ಆಮೇಲೆ ಫ್ಲೆಚರ್ ಹೆಂಡರ್ಸನ್ ತಂಡದಲ್ಲಿ ಹತ್ತು ವರ್ಷ. ಮೊದಮೊದಲು ಅವನೂ ನಾಲಿಗೆಯಿಂದ ಚಟಚಟ ಬಡಿದು ನಗೆ ಹುಟ್ಟಿಸುವ ಕ್ರಮದಲ್ಲೇ ಊದುತ್ತಿದ್ದ. ಕ್ರಮೇಣ ಆ ವಾದ್ಯಕ್ಕೆ ಎದೆ ತುಂಬಿದ ದೊಡ್ಡ ದನಿಯನ್ನು ಕೊಟ್ಟ. 1934ರಲ್ಲಿ ಯೂರೋಪಿಗೆ ಹೋದವನು ಐದು ವರ್ಷ ಅಲ್ಲೇ ಉಳಿದ. ಅಲ್ಲಿ ಹೋಟೆಲಿನ ಮುಂಬಾಗಿಲಲ್ಲಿ ಒಳಗೆ ಹೋಗಬಹುದಿತ್ತು. ಆದರೆ ಅಲ್ಲೂ ನೆರಳು ಬೀಳತೊಡಗಿತು. ಅವನಿದ್ದ ಇಂಗ್ಲಿಷ್ ತಂಡ ನಾತ್ಸಿ ಜರ್ಮನಿಗೆ ಹೋಗುವಾಗ ಕಪ್ಪು ಮನುಷ್ಯನಾದ ಅವನನ್ನು ಬಿಟ್ಟು ಹೋಗಬೇಕಾಯಿತು. 1938ರಲ್ಲಿ ಡಸೆಲ್‌ಡಾರ್ಫ್ ನಗರದಲ್ಲಿ ನಾತ್ಸಿಗಳು 'ಕುಲಗೆಟ್ಟ ಸಂಗೀತ'ದ ಪ್ರದರ್ಶನ ನಡೆಸಿದರು. ಅದರ ಭಿತ್ತಿಚಿತ್ರದಲ್ಲಿ ಕಪ್ಪು ಮನುಷ್ಯನೊಬ್ಬ, ಅವನ ಕೋಟಿನ ಮೇಲೆ ಯಹೂದಿಗಳ ನಕ್ಷತ್ರ, ಬಾಯಲ್ಲಿ ಸ್ಯಾಕ್ಸೊಫೋನ್. ಯಾರು ಯಾರನ್ನು ಹೊರಗಿಡಬೇಕು ಎಂಬುದನ್ನು ಒಂದೇ ಚಿತ್ರದಲ್ಲಿ ಹೇಳಿದ್ದರು. ಯುದ್ಧದ ಹೊಸ್ತಿಲಲ್ಲಿ, 1939ರ ನಡುಬೇಸಿಗೆಯಲ್ಲಿ ಹಾಕಿನ್ಸ್ ನ್ಯೂಯಾರ್ಕಿಗೆ ಮರಳಿದ.

ಅಷ್ಟರಲ್ಲಿ ಅವನ ಜಾಗಕ್ಕೆ ಹೊಸಬರು ಬಂದಿದ್ದರು. 1938ರಲ್ಲೇ ಚು ಬೆರ್ರಿ, ರಾಯ್ ಎಲ್ಡ್ರಿಜ್‌ನ ಕಹಳೆಯ ಜೊತೆಗೂಡಿ ಇದೇ ಹಾಡನ್ನು ಊದಿದ್ದ. ಅದೂ ಸಾಮಾನ್ಯ ಕೆಲಸವಲ್ಲ. ಬೆರ್ರಿ ನಿಧಾನಕ್ಕೆ, ಬೆಚ್ಚಗೆ ಊದುತ್ತಾನೆ. ನಡುವೆ ಎಲ್ಡ್ರಿಜ್ ಕಾಲವನ್ನು ಇಮ್ಮಡಿ ಮಾಡಿ ಓಡುತ್ತಾನೆ. ಬೆರ್ರಿ 1941ರಲ್ಲಿ ಕಾರು ಅಪಘಾತದಲ್ಲಿ ಸತ್ತುಹೋದ. ಹಾಕಿನ್ಸ್‌ನ ಪ್ರತಿಷ್ಠೆಯ ಮುಂದೆ ಈ ರೆಕಾರ್ಡು ಮರೆಯಾಯಿತು. ಪರಂಪರೆ ಕಟ್ಟುವಾಗ ಒಬ್ಬನನ್ನೇ ಮೂಲಪುರುಷ ಮಾಡುವ ಚಟ ನಮಗೂ ಇದೆ. ಆದ್ದರಿಂದ ಬೆರ್ರಿಯ ಹೆಸರನ್ನು ಮೊದಲು ಹೇಳಿದೆ.

1939ರ ಅಕ್ಟೋಬರ್ 11. ಬ್ಲೂಬರ್ಡ್ ಎಂಬುದು ಆರ್‌ಸಿಎ ವಿಕ್ಟರ್ ಕಂಪನಿಯ ಅಗ್ಗದ ಲೇಬಲ್. ತಟ್ಟೆಯೊಂದಕ್ಕೆ 35 ಸೆಂಟು. ಹಾಕಿನ್ಸ್ ಬೇರೆ ಹಾಡುಗಳನ್ನು ಸಿದ್ಧಮಾಡಿಕೊಂಡು ಬಂದಿದ್ದ. ನ್ಯೂಯಾರ್ಕಿನ ಕೆಲ್ಲೀಸ್ ಸ್ಟೇಬಲ್ ಎಂಬ ಕ್ಲಬ್ಬಿನಲ್ಲಿ ಜನ ಮತ್ತೊಂದು, ಮತ್ತೊಂದು ಎಂದು ಕೇಳಿದಾಗ ಊದುತ್ತಿದ್ದ 'ಬಾಡಿ ಅಂಡ್ ಸೋಲ್' ಅವನ ಪಟ್ಟಿಯಲ್ಲಿ ಇರಲಿಲ್ಲ. ಕಂಪನಿಯವರು ಬಲವಂತ ಮಾಡಿದ್ದಕ್ಕೆ ಊದಿದ.

ಜೀನ್ ರಾಜರ್ಸ್ ಪಿಯಾನೊದಲ್ಲಿ ನಾಲ್ಕು ಅಳತೆ ನುಡಿಸಿ ದಾರಿ ಮಾಡಿಕೊಡುತ್ತಾನೆ. ಹಾಕಿನ್ಸ್ ಶುರು ಮಾಡುತ್ತಾನೆ. ಮೊದಲ ಕೆಲವು ಅಳತೆಗಳಲ್ಲಿ ಹಾಡಿನ ರಾಗದ ಗುರುತು ಸಿಗುತ್ತದೆ. ಹೌದು, ಇದೇ ಹಾಡು, ಅಂತ ನಾವು ತಲೆದೂಗುವಷ್ಟರಲ್ಲಿ ಆ ರಾಗ ಹೋಯಿತು. ಮತ್ತೆ ಅದು ವಾಪಸು ಬರುವುದೇ ಇಲ್ಲ. ಎರಡು ಸುತ್ತು, 64 ಅಳತೆ, ಸುಮಾರು ಮೂರು ನಿಮಿಷ. ಮೊದಲ ಸುತ್ತಿನಲ್ಲಿ ಪಿಸುಮಾತಿನಂತೆ ಇದ್ದದ್ದು ಎರಡನೆಯ ಸುತ್ತಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ, ತುದಿಯಲ್ಲಿ ಕೂಗಾಗಿ, ಕೊನೆಗೆ ಒಂಟಿಯಾಗಿ ಇಳಿದು ನಿಲ್ಲುತ್ತದೆ. ರಾಗದ ಗೋಡೆ ಕೆಡವಿದ್ದಾನೆ. ಸ್ವರಗುಚ್ಛಗಳ ತಳಪಾಯವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಆ ತಳಪಾಯದ ಮೂಲೆ ಮೂಲೆಯೂ ಅವನಿಗೆ ಗೊತ್ತು, ಕಟ್ಟಿದವರಿಗಿಂತ ಚೆನ್ನಾಗಿ ಗೊತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಪಂಡಿತರಿಗಾಗಿ ಮಾಡಿದ ಪ್ರಯೋಗ ಇದಲ್ಲ. ಐದು ಸೆಂಟು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಗಳಲ್ಲಿ, ಬಾರುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಇದನ್ನು ಜನ ಮತ್ತೆ ಮತ್ತೆ ಕೇಳಿದರು. ಹಾಡಿನ ರಾಗವೇ ಇಲ್ಲದ ರೆಕಾರ್ಡು ಜನಪ್ರಿಯವಾಯಿತು! ಹಾಕಿನ್ಸ್‌ಗೇ ಅಚ್ಚರಿಯಾಯಿತು. ಜನರಿಗೆ ಕಷ್ಟದ್ದು ಅರ್ಥವಾಗುವುದಿಲ್ಲ, ಸರಳವಾಗಿ ಬರೆಯಿರಿ ಎಂದು ನಮಗೆ ಉಪದೇಶ ಮಾಡುವವರು ಈ ಪೆಟ್ಟಿಗೆಗಳನ್ನು ನೆನಪಿಸಿಕೊಳ್ಳಬೇಕು. ತಮ್ಮವನೇ ಆಡಿದ ಮಾತು ಎಂದು ಗೊತ್ತಾದರೆ ಜನ ಎಂಥ ಕಷ್ಟವನ್ನಾದರೂ ಕೇಳುತ್ತಾರೆ.

4

ಆದರೆ ದುಡ್ಡು? ಕಾನೂನಿನ ಪ್ರಕಾರ ಹಾಡು ಎಂದರೆ ರಾಗ ಮತ್ತು ಮಾತು. ಹಾಕಿನ್ಸ್ ಊದಿದ್ದರಲ್ಲಿ ಮಾತು ಇರಲಿಲ್ಲ, ರಾಗ ಇದ್ದದ್ದು ಕೆಲವು ಅಳತೆ. ಹಾಗಿದ್ದರೂ ಹಾಡಿನ ರಾಯಧನ ಗ್ರೀನ್ ಮತ್ತು ಮಾತು ಬರೆದ ಮೂವರ ಹೆಸರಿಗೆ. ಅಮೆರಿಕದಲ್ಲಿ ರೇಡಿಯೋದವರು ತಟ್ಟೆ ಹಾಕಿದಾಗ ಹಾಡು ಬರೆದವರಿಗೆ ಹಣ ಸಲ್ಲುತ್ತಿತ್ತು, ಊದಿದವನಿಗೆ ಇಲ್ಲ. ಗದ್ದೆ ಅವರದು, ಬೆವರು ಇವನದು. ಗೇಣಿ ಕಾನೂನು ಮಾತ್ರ ಇಲ್ಲಿ ಸ್ವರಕ್ಕೆ ಅನ್ವಯಿಸಿತು.

ಇದೇ ಕಾನೂನಿನಲ್ಲಿ ಒಂದು ಸಂದು ಇತ್ತು. ರಾಗಕ್ಕೆ ಒಡೆತನವಿದೆ, ಕೆಳಗಿನ ಸ್ವರಗುಚ್ಛಗಳ ಸಾಲಿಗೆ ಯಾರ ಒಡೆತನವೂ ಇಲ್ಲ. ತಳಪಾಯ ಗೋಮಾಳ ಇದ್ದ ಹಾಗೆ. ಆ ಗೋಮಾಳದಲ್ಲಿ ಕಪ್ಪು ಸಂಗೀತಗಾರರು ಉಳುಮೆ ಶುರುಮಾಡಿದರು. 1944ರ ಫೆಬ್ರವರಿಯಲ್ಲಿ ಹಾಕಿನ್ಸ್ ಅಪೊಲೊ ಕಂಪನಿಗೆ ಕೆಲವು ತಟ್ಟೆ ಮಾಡಿದ. ಜೊತೆಗೆ ಡಿಜ್ಜಿ ಗಿಲೆಸ್ಪಿ, ಮ್ಯಾಕ್ಸ್ ರೋಚ್ ಥರದ ಹುಡುಗರು. ಅದರಲ್ಲಿ 'ರೇನ್‌ಬೋ ಮಿಸ್ಟ್' ಎಂಬುದೊಂದಿದೆ. ಕೇಳಿ ನೋಡಿ: ಅದು 'ಬಾಡಿ ಅಂಡ್ ಸೋಲ್' ತಳಪಾಯವೇ. ಹೆಸರು ಮಾತ್ರ ಬೇರೆ, ಖಾತೆ ಮಾತ್ರ ಹಾಕಿನ್ಸ್‌ದು. ಐದು ವರ್ಷದ ಹಿಂದೆ ಬೇರೆಯವರ ಹೆಸರಲ್ಲಿ ಕಟ್ಟಿದ ಮನೆಗೆ ಈಗ ತನ್ನ ಹೆಸರಿನ ಫಲಕ ಹಾಕಿಕೊಂಡ.

1945ರಲ್ಲಿ ಚಾರ್ಲಿ ಪಾರ್ಕರ್ 'ಚೆರೋಕಿ' ಎಂಬ ಹಾಡಿನ ತಳಪಾಯದ ಮೇಲೆ 'ಕೋ-ಕೋ' ಕಟ್ಟಿದ. ಬೀಬಾಪ್ ಎಂಬ ಹೊಸ ಸಂಗೀತವೇ ಇಂಥ ಮನೆಗಳಿಂದ ಆದ ಕೇರಿ. ಇದರಲ್ಲಿ ವಿಪರೀತ ರಮ್ಯತೆ ಬೇಡ. ಹಳೆಯ ಹಾಡಿನ ಒಡೆಯರಿಗೆ ರಾಯಧನ ಕಟ್ಟುವುದು ಉಳಿಯುತ್ತದೆ ಅಂತ ಸಣ್ಣ ರೆಕಾರ್ಡ್ ಕಂಪನಿಗಳೂ ಇದಕ್ಕೆ ಕುಮ್ಮಕ್ಕು ಕೊಟ್ಟವು. ಲಾಭ ಪೂರ್ತಿ ವಾದಕನ ಕೈ ಸೇರಲಿಲ್ಲ. ಆದರೂ ಹೆಸರು ಸೇರಿತು. ಹೆಸರು ಸಣ್ಣ ಆಸ್ತಿಯಲ್ಲ ಎಂಬುದು ಹೆಸರಿಲ್ಲದವರಿಗೆ ಗೊತ್ತು.

5

ಇಲ್ಲಿಗೆ ನಿಲ್ಲಿಸಿದರೆ ಇದು ವೀರಗಾಥೆಯಾಗುತ್ತದೆ. ಒಳಗಿನ ಜಗಳದ ಕಥೆಯನ್ನೂ ಹೇಳಬೇಕು.

ಹಾಕಿನ್ಸ್ ಯೂರೋಪಿಗೆ ಹೋದಾಗ ಹೆಂಡರ್ಸನ್ ತಂಡದಲ್ಲಿ ಅವನ ಕುರ್ಚಿಗೆ ಬಂದವನು ಲೆಸ್ಟರ್ ಯಂಗ್. ಅವನ ದನಿ ತೆಳು, ಹಗುರ; ತಡೆದು ತಡೆದು ಮಾತಾಡುವವನ ದನಿ. ತಂಡದವರಿಗೆ ಅದು ಹಿಡಿಸಲಿಲ್ಲ, ಅವರಿಗೆ ಚು ಬೆರ್ರಿ ಬೇಕಿದ್ದ. ಹೆಂಡರ್ಸನ್‌ನ ಹೆಂಡತಿ ಬೆಳಬೆಳಗ್ಗೆ ಹಾಕಿನ್ಸ್ ರೆಕಾರ್ಡುಗಳನ್ನು ಹಾಕಿ, ಹೀಗೆ ಊದಪ್ಪಾ ಅಂತ ಹುಡುಗನಿಗೆ ಕೇಳಿಸುತ್ತಿದ್ದಳಂತೆ. ಅವನು ಕೇಳಿಸಿಕೊಂಡ, ಬದಲಾಗಲಿಲ್ಲ. ಕೆಲವೇ ತಿಂಗಳಲ್ಲಿ ತಂಡ ಬಿಟ್ಟ. 1942ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನ್ಯಾಟ್ ಕೋಲ್‌ನ ಪಿಯಾನೊ, ರೆಡ್ ಕ್ಯಾಲೆಂಡರ್‌ನ ಬಾಸ್ ಇಟ್ಟುಕೊಂಡು ಲೆಸ್ಟರ್ 'ಬಾಡಿ ಅಂಡ್ ಸೋಲ್' ಊದಿದ್ದಾನೆ. ಹಾಕಿನ್ಸ್ ಪ್ರತಿ ಸ್ವರಗುಚ್ಛದ ಬಾಗಿಲನ್ನೂ ತಟ್ಟಿ ತೆರೆದರೆ, ಲೆಸ್ಟರ್ ಬಾಗಿಲುಗಳ ಮುಂದೆ ಸುಮ್ಮನೆ ನಡೆದುಹೋಗುತ್ತಾನೆ. ಕಡಿಮೆ ಸ್ವರ, ಹೆಚ್ಚು ಗಾಳಿ. ಈ ರೆಕಾರ್ಡು ಹಾಕಿನ್ಸ್ ಮೇಲೆ ಬರೆದ ವಿಮರ್ಶೆ. ಸಿಟ್ಟಿನ ಒಂದು ಅಕ್ಷರವೂ ಇಲ್ಲದ ಭಿನ್ನಮತ.

ಚಾರ್ಲಿ ಪಾರ್ಕರ್‌ನದು ಇನ್ನೂ ನೋವಿನ ಕಥೆ. ಕ್ಯಾನ್ಸಸ್ ಸಿಟಿಯ ಹುಡುಗ, ಹದಿನೈದು ಹದಿನಾರರ ವಯಸ್ಸು. ದೊಡ್ಡವರ ಜೊತೆ ಕೂತು 'ಬಾಡಿ ಅಂಡ್ ಸೋಲ್' ಅನ್ನು ಇಮ್ಮಡಿ ಕಾಲದಲ್ಲಿ ಊದಲು ಹೋಗಿ ದಾರಿ ತಪ್ಪಿದ. ಎಲ್ಲರೂ ನಕ್ಕರು. ಮನೆಗೆ ಹೋಗಿ ಅತ್ತೆ, ಮೂರು ತಿಂಗಳು ವಾದ್ಯ ಮುಟ್ಟಲಿಲ್ಲ ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ನಕ್ಕವರು ಕಪ್ಪು ಜನರೇ, ಅವನ ಕೇರಿಯವರೇ. 1940ರ ಸುಮಾರಿನಲ್ಲಿ ಪಾರ್ಕರ್ ಒಬ್ಬನೇ ಕೂತು ಊದಿದ ಒಂದು ಖಾಸಗಿ ಧ್ವನಿಮುದ್ರಣ ಉಳಿದುಬಂದಿದೆ. ಪಕ್ಕವಾದ್ಯ ಇಲ್ಲ, ತಟ್ಟೆಯ ಗರಗರ ಸದ್ದು ಬೇಕಾದಷ್ಟಿದೆ. 'ಹನಿಸಕಲ್ ರೋಸ್' ಊದುತ್ತಾ ಊದುತ್ತಾ 'ಬಾಡಿ ಅಂಡ್ ಸೋಲ್'ಗೆ ಬರುತ್ತಾನೆ. ನಗೆಪಾಟಲಾದ ಜಾಗಕ್ಕೇ ಮತ್ತೆ ಬಂದು ನಿಂತ ಹುಡುಗ. ನನಗೆ ಇದು ಎಲ್ಲಕ್ಕಿಂತ ಹತ್ತಿರದ ರೆಕಾರ್ಡು. ದಲಿತ ವಿದ್ಯಾರ್ಥಿಯೊಬ್ಬ ಮೊದಲ ಬಾರಿ ತರಗತಿಯಲ್ಲಿ ಎದ್ದು ನಿಂತು ಮಾತಾಡಿ, ನಗೆ ಕೇಳಿ, ಮತ್ತೆ ಎದ್ದು ನಿಲ್ಲುವುದಕ್ಕೆ ಎಷ್ಟು ದಿನ ಬೇಕು ಎಂಬುದು ಬಲ್ಲವರಿಗೆ ಗೊತ್ತು.

ಈ ಎರಡು ಕಥೆ ಹೇಳುವುದು ಒಂದೇ ಮಾತನ್ನು. ಒಂದು ಸಮುದಾಯದ ದನಿ ಎಂದರೆ ಒಂದೇ ದನಿಯಲ್ಲ. 'ದಲಿತನಾದರೆ ಹೀಗೆ ಬರೆಯಬೇಕು' ಎಂದು ಹೊರಗಿನವರು ಹೇಳಿದರೂ ಕಷ್ಟ, ನಮ್ಮವರೇ ಹೇಳಿದರೂ ಕಷ್ಟ.

6

ಸನ್ನಿ ರೋಲಿನ್ಸ್ ಹಾರ್ಲೆಮ್‌ನಲ್ಲಿ ಹಾಕಿನ್ಸ್‌ನನ್ನು ದೇವರಂತೆ ನೋಡುತ್ತಾ ಬೆಳೆದ ಹುಡುಗ. 1958ರಲ್ಲಿ ಅವನು ಎರಡು ಕೆಲಸ ಮಾಡಿದ. ಒಂದು, 'ಫ್ರೀಡಂ ಸ್ವೀಟ್': ತಟ್ಟೆಯ ಒಂದಿಡೀ ಬದಿಯ ಉದ್ದದ ರಚನೆ. ಅದರ ಜೊತೆ, ಅಮೆರಿಕದ ಸಂಸ್ಕೃತಿಯೇ ಕಪ್ಪು ಜನರ ಬೇರಿನ ಮೇಲೆ ನಿಂತಿರುವಾಗ ಆ ಜನರನ್ನೇ ಹಿಂಸಿಸಲಾಗುತ್ತಿದೆ ಎಂಬ ಅರ್ಥದ ಒಂದು ಸಣ್ಣ ಹೇಳಿಕೆ ಬರೆದ. ಅದು ದೊಡ್ಡ ಗಲಾಟೆಯಾಯಿತು. ಕಂಪನಿ ಆ ತಟ್ಟೆಯನ್ನು ಮುಂದೆ ಬೇರೆ, ನಿರಪಾಯದ ಹೆಸರಿನಲ್ಲಿ ಹೊರತಂದಿತು. ಎರಡನೆಯದು, ಅದೇ ವರ್ಷ 'ಬಾಡಿ ಅಂಡ್ ಸೋಲ್' ಅನ್ನು ಯಾವ ಪಕ್ಕವಾದ್ಯವೂ ಇಲ್ಲದೆ ಒಬ್ಬನೇ ಊದಿದ. ಹತ್ತು ವರ್ಷ ಹಿಂದೆ ಹಾಕಿನ್ಸ್ 'ಪಿಕಾಸೊ' ಎಂಬ ಒಂಟಿ ವಾದನ ಮಾಡಿ ದಾರಿ ತೋರಿಸಿದ್ದ. ರೋಲಿನ್ಸ್ ಆ ದಾರಿಯಲ್ಲಿ ಹಾಕಿನ್ಸ್‌ನ ಹಾಡನ್ನೇ ಹೊತ್ತು ನಡೆದ. ಇಲ್ಲಿ ಪಿಯಾನೊ ಇಲ್ಲ, ಬಾಸ್ ಇಲ್ಲ. ತಳಪಾಯ ಕಿವಿಗೆ ಕೇಳುವುದೇ ಇಲ್ಲ. ಕೇಳುವವನು ತನ್ನ ತಲೆಯೊಳಗೆ ಅದನ್ನು ಕಟ್ಟಿಕೊಳ್ಳಬೇಕು. ರೋಲಿನ್ಸ್ ತಡೆಯುತ್ತಾನೆ, ಯೋಚಿಸುತ್ತಾನೆ, ಒಂದು ಸ್ವರವನ್ನು ತಿರುವಿ ನೋಡುತ್ತಾನೆ. ಆಸರೆ ಇಲ್ಲದವನ ಸ್ವಾತಂತ್ರ್ಯವೂ ಅದರಲ್ಲಿದೆ, ಭಯವೂ ಇದೆ.

1960ರ ಅಕ್ಟೋಬರ್ 24ರಂದು ಜಾನ್ ಕೋಲ್ಟ್ರೇನ್ ಇದೇ ಹಾಡನ್ನು ಊದಿದ. 1964ರಲ್ಲಿ ಅದು 'ಕೋಲ್ಟ್ರೇನ್ಸ್ ಸೌಂಡ್' ತಟ್ಟೆಯಲ್ಲಿ ಹೊರಬಂತು. ಇದನ್ನು ಹಾಕಿನ್ಸ್ ರೆಕಾರ್ಡಿನ ಪಕ್ಕದಲ್ಲಿಟ್ಟು ಕೇಳಬೇಕು. ಕೋಲ್ಟ್ರೇನ್ ಹಾಡಿನ ರಾಗವನ್ನು ಗೌರವದಿಂದ ಊದುತ್ತಾನೆ. ಮೊದಲಲ್ಲೂ ಇದೆ, ಕೊನೆಯಲ್ಲೂ ಇದೆ. ಅವನು ಬದಲಿಸಿದ್ದು ಕೆಳಗಿನದನ್ನು. ಮೆಕಾಯ್ ಟೈನರ್ ಪಿಯಾನೊದಲ್ಲಿ ಬಡಿದದ್ದನ್ನೇ ಬಡಿಯುತ್ತಾ ತೂಗುಯ್ಯಾಲೆಯಂಥ ಒಂದು ನೆಲೆಯನ್ನು ಹಾಕಿಕೊಡುತ್ತಾನೆ. ಸೇತುವೆಯ ಭಾಗದಲ್ಲಿ ಗ್ರೀನ್ ಹಾಕಿದ್ದ ಸ್ವರಗುಚ್ಛಗಳನ್ನು ಕಿತ್ತು ಕೋಲ್ಟ್ರೇನ್ ತನ್ನವನ್ನು ಇಟ್ಟಿದ್ದಾನೆ. ಹಾಕಿನ್ಸ್ ತಳಪಾಯ ಉಳಿಸಿಕೊಂಡು ಗೋಡೆ ಕೆಡವಿದ. ಕೋಲ್ಟ್ರೇನ್ ಗೋಡೆಯನ್ನು ನಿಲ್ಲಿಸಿಯೇ ತಳಪಾಯ ಬದಲಿಸಿದ. ರೋಲಿನ್ಸ್ ತಳಪಾಯವನ್ನು ಅಡಗಿಸಿಟ್ಟ. ಒಂದೇ ಹಾಡಿನ ಮೇಲೆ ಮೂರು ಬಗೆಯ ವಿಮರ್ಶೆ.

ಅದೇ 1960ರ ಆಗಸ್ಟ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಫೆಬ್ರವರಿಯಲ್ಲಿ ಗ್ರೀನ್ಸ್‌ಬರೋ ಊರಿನ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಊಟದ ಕಟ್ಟೆಯಲ್ಲಿ ಕೂತು ಏಳುವುದಿಲ್ಲ ಎಂದಿದ್ದರು. ಆ ಬಿಸಿಯಲ್ಲಿ ಮ್ಯಾಕ್ಸ್ ರೋಚ್ 'ವಿ ಇನ್‌ಸಿಸ್ಟ್' ಎಂಬ ತಟ್ಟೆ ಮಾಡಿದ. ಅದರಲ್ಲಿ ಗುಲಾಮರ ಮೇಲೆ ಚಾವಟಿ ಬೀಸುವ ಮೇಸ್ತ್ರಿಯ ಬಗೆಗಿನ 'ಡ್ರೈವಾ ಮ್ಯಾನ್' ಹಾಡನ್ನು ಆ್ಯಬಿ ಲಿಂಕನ್ ಹಾಡಿದಳು. ಸ್ಯಾಕ್ಸೊಫೋನ್ ಊದಿದವನು ಐವತ್ತೈದು ದಾಟಿದ ಹಾಕಿನ್ಸ್. ಊದುವಾಗ ಕಡ್ಡಿ ಒಂದು ಕಡೆ ಕಿರ್ರೆಂದಿತು. ಅದನ್ನು ಕತ್ತರಿಸಿ ಸರಿಮಾಡೋಣ ಎಂದಾಗ ಹಾಕಿನ್ಸ್ ಒಪ್ಪಲಿಲ್ಲ. ಇಂಥ ಹಾಡಿನಲ್ಲಿ ಎಲ್ಲವೂ ನಯವಾಗಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ ಎಂಬುದು ಅವನ ಮಾತಿನ ಸಾರ. ಜೀವನಪೂರ್ತಿ ನಯವನ್ನೇ ಸಾಧಿಸಿದ ಮನುಷ್ಯ, ನಯ ಎಲ್ಲಿ ಸುಳ್ಳಾಗುತ್ತದೆ ಎಂಬುದನ್ನು ಬಲ್ಲವನಾಗಿದ್ದ. 'ಕಲೆಯಾಗಿಲ್ಲ' ಎಂಬ ತೀರ್ಪಿಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

7

ಇಷ್ಟೆಲ್ಲ ಆದರೂ ಬರಹದ ವಿಮರ್ಶೆ ಯಾರ ಕೈಯಲ್ಲಿತ್ತು? 1963ರಲ್ಲಿ ಲೆರಾಯ್ ಜೋನ್ಸ್ (ಮುಂದೆ ಅಮೀರಿ ಬರಾಕ ಎಂದು ಹೆಸರು ಬದಲಿಸಿಕೊಂಡವನು) 'ಜಾಜ್ ಅಂಡ್ ದ ವೈಟ್ ಕ್ರಿಟಿಕ್' ಎಂಬ ಲೇಖನದಲ್ಲಿ ಇದನ್ನೇ ಕೇಳಿದ. ಜಾಜ್ ವಿಮರ್ಶಕರಲ್ಲಿ ಹೆಚ್ಚಿನವರು ಬಿಳಿಯರು, ದೊಡ್ಡ ಸಂಗೀತಗಾರರು ಹಾಗಲ್ಲ ಎಂಬುದರಿಂದ ಅವನ ವಾದ ಶುರುವಾಗುತ್ತದೆ. ಅವರು ಸ್ವರಗಳನ್ನು ಎಣಿಸುತ್ತಾರೆ, ರುಚಿ ನೋಡುತ್ತಾರೆ. ಆ ಸ್ವರಗಳ ಹಿಂದೆ ಲೋಕದ ಬಗ್ಗೆ ಒಂದು ನಿಲುವು ಇದೆ ಎಂಬುದು ಅವರಿಗೆ ಕಾಣುವುದಿಲ್ಲ ಎಂಬುದು ಅವನ ತಕರಾರು. ಜೊತೆಗೆ ಇನ್ನೊಂದು ಮುಳ್ಳನ್ನೂ ಚುಚ್ಚಿದ. ಓದಿ ಮೇಲೆ ಬಂದ ಕಪ್ಪು ಮಧ್ಯಮವರ್ಗ ಈ ಸಂಗೀತವನ್ನು ಕಂಡು ನಾಚಿಕೊಂಡಿತು. ಅದಕ್ಕೇ ಅವರೊಳಗಿಂದ ವಿಮರ್ಶಕರು ಬರಲಿಲ್ಲ.

ಈ ಮುಳ್ಳು ನಮ್ಮನ್ನೂ ಚುಚ್ಚುತ್ತದೆ. ಆದರೆ ಅಮೆರಿಕದ ಮಾತನ್ನು ಹಾಗೇ ತಂದು ಇಲ್ಲಿ ನೆಡಲಾಗದು. 1946ರಲ್ಲಿ ಬಾಬಾಸಾಹೇಬರು ಡಬ್ಲ್ಯು. ಇ. ಬಿ. ಡುಬಾಯ್ಸ್‌ಗೆ ಪತ್ರ ಬರೆದದ್ದು, 1972ರಲ್ಲಿ ಮುಂಬಯಿಯ ನಮ್ಮ ಗೆಳೆಯರು ಬ್ಲ್ಯಾಕ್ ಪ್ಯಾಂಥರ್ ಹೆಸರನ್ನು ತಮ್ಮದು ಮಾಡಿಕೊಂಡದ್ದು ನಮಗೆ ಹೆಮ್ಮೆಯ ಚರಿತ್ರೆ. ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಸ್ಯಾಕ್ಸೊಫೋನ್ ಊದುವುದು ಹಾಕಿನ್ಸ್‌ನ ಜಾತಿಕಸುಬಾಗಿರಲಿಲ್ಲ. ಅವನು ಅದನ್ನು ಆರಿಸಿಕೊಂಡ. ನಮ್ಮ ತಮಟೆ ಹಾಗಲ್ಲ. ಹೆಣದ ಮುಂದೆ, ಹಬ್ಬದ ಮುಂದೆ ಬಡಿಯಲೇಬೇಕೆಂಬ ಬಿಟ್ಟಿ ಚಾಕರಿ ಅದು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೀನ ಕಸುಬುಗಳನ್ನು ಬಿಡಿ ಎಂದು ಕರೆಕೊಟ್ಟರು. ತಮಟೆ ಬಡಿಯುವುದಿಲ್ಲ ಎಂದು ನಿಂತು ಏಟು ತಿಂದ, ಬಹಿಷ್ಕಾರ ಉಂಡ ಕೇರಿಗಳು ನಮ್ಮಲ್ಲಿವೆ. ಆಮೇಲೆ ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗಳಲ್ಲಿ ನಾವೇ ಹಿಡಿದೆವು. ಬಿಟ್ಟವರು ನಾಚಿಕೆಯಿಂದ ಬಿಟ್ಟರು, ಹಿಡಿದವರು ಅಭಿಮಾನದಿಂದ ಹಿಡಿದರು ಎಂದು ಸುಲಭದ ಲೆಕ್ಕ ಹಾಕುವುದು ಬೇಡ. ಬಿಡುವುದನ್ನೂ ಹಿಡಿಯುವುದನ್ನೂ ತೀರ್ಮಾನಿಸುವವರು ಯಾರು ಎಂಬುದೇ ಪ್ರಶ್ನೆ.

ಸ್ಯಾಕ್ಸೊಫೋನ್ ನಮ್ಮ ನಾಡಿಗೂ ಬಂದಿದೆ. ದಕ್ಷಿಣ ಕನ್ನಡದ ನಾಗಸ್ವರ ವಾದಕರೊಬ್ಬರ ಮಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದರು. ವರ್ಷಗಟ್ಟಲೆ ದುಡಿದು, ವಾದ್ಯವನ್ನು ತುಸು ಮಾರ್ಪಡಿಸಿ, ಅದರಿಂದ ಗಮಕ ಹೊರಡಿಸಿದರು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯ ಜೊತೆ ಊದಿದರು, 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಊದಿದರು, 2019ರಲ್ಲಿ ತೀರಿಕೊಂಡರು. ಕರಾವಳಿಯಲ್ಲಿ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಭೂತಕೋಲಕ್ಕೂ ಈಗ ಸ್ಯಾಕ್ಸೊಫೋನ್ ಬೇಕು. ನೂರೆಪ್ಪತ್ತು ಚಿಲ್ಲರೆ ವರ್ಷದ ಪರದೇಶಿ ವಾದ್ಯ, ಊದುವವನ ಎಂಜಲು ತಾಗುವ ವಾದ್ಯ, ದೇವರ ಅಂಗಳಕ್ಕೆ ಸಲೀಸಾಗಿ ಹೋಯಿತು. ಸಂತೋಷವೇ. ಆದರೆ ಮೃದಂಗವೂ ಚರ್ಮದ್ದೇ, ಅದು ಸಭೆಯ ಮಧ್ಯೆ ಕೂತಿದೆ. ತಮಟೆಯೂ ಚರ್ಮದ್ದೇ, ಅದು ಬಾಗಿಲ ಹೊರಗೆ ನಿಂತಿದೆ. ತಮಿಳುನಾಡಿನಲ್ಲಿ ಮೃದಂಗಕ್ಕೆ ಚರ್ಮ ಹದಮಾಡಿ ಕಟ್ಟುವ ದಲಿತ ಕುಟುಂಬಗಳ ಬಗ್ಗೆ ಟಿ. ಎಂ. ಕೃಷ್ಣ 2020ರಲ್ಲಿ ಪುಸ್ತಕ ತಂದಾಗ, ಅದರ ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನೇ ಹಿಂದಕ್ಕೆ ಪಡೆಯಲಾಯಿತು. ವಾದ್ಯಕ್ಕೆ ಜಾತಿ ಇಲ್ಲ. ಹಿಡಿದ ಕೈಯ ಜಾತಿಯನ್ನು ಅದಕ್ಕೆ ಹಚ್ಚುತ್ತಾರೆ, ಅಷ್ಟೇ.

ಹಾಕಿನ್ಸ್ 1969ರಲ್ಲಿ ತೀರಿಕೊಂಡ. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವನ ಆ ಮೂರು ನಿಮಿಷದ ರೆಕಾರ್ಡನ್ನು ರಾಷ್ಟ್ರದ ಆಸ್ತಿ ಎಂದು ಕಾದಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಮನ್ನಣೆ ಸಿಕ್ಕಿತು ಎಂದು ಖುಷಿಪಡಬಹುದು. ಆದರೆ ಲೆಸ್ಟರ್, ಪಾರ್ಕರ್, ರೋಲಿನ್ಸ್, ಕೋಲ್ಟ್ರೇನ್ ಆ ಪಟ್ಟಿಗಾಗಿ ಕಾದು ಕೂತಿರಲಿಲ್ಲ. ಆ ರೆಕಾರ್ಡಿನ ಬೆಲೆ ಏನು, ಅದರಲ್ಲಿ ಒಪ್ಪಬೇಕಾದ್ದೇನು, ಒಪ್ಪಬಾರದ್ದೇನು ಎಂಬುದನ್ನು ಅವರು ಅರವತ್ತು ಎಪ್ಪತ್ತು ವರ್ಷ ಮೊದಲಿನಿಂದಲೇ ತೀರ್ಮಾನಿಸತೊಡಗಿದ್ದರು, ಉಸಿರಿನಲ್ಲಿ.

ನಾವು ಕನ್ನಡದಲ್ಲಿ ಮಾಡಬೇಕಾದ ಕೆಲಸವೂ ಇದೇ ಇರಬಹುದು. ಒಬ್ಬ ದಲಿತ ಲೇಖಕ ಇನ್ನೊಬ್ಬ ದಲಿತ ಲೇಖಕನನ್ನು ಓದಿ, ಜಗಳವಾಡಿ, ಅವನು ಬಿಟ್ಟದ್ದನ್ನು ಹಿಡಿದು, ಅವನು ಹಿಡಿದದ್ದನ್ನು ಬಿಟ್ಟು, ಮುಂದಿನ ಮಾತು ಬರೆಯುವುದು. ಹೊಗಳಿಕೆಯ ಮುನ್ನುಡಿಗಳಿಂದ ಇದು ಆಗುವುದಿಲ್ಲ. ಕನ್ನಡ ಎಂಬ ತಳಪಾಯ ಯಾರೊಬ್ಬರ ಖಾತೆಯಲ್ಲೂ ಇಲ್ಲ, ಅದು ಗೋಮಾಳ. ಅದರ ಮೇಲೆ ಕಟ್ಟಿದ ಮನೆಗೆ ಯಾರ ಹೆಸರಿನ ಫಲಕ ಇರಬೇಕು ಎಂಬುದನ್ನು ಕಟ್ಟಿದವರು ಹೇಳಲಿ. ಕಡ್ಡಿ ಕಿರ್ರೆಂದ ಜಾಗವನ್ನು ಕತ್ತರಿಸುವುದು ಬೇಡ.